ಬೆಳ್ಳಿಯ ಹೆಸರು ಕೆತ್ತಿದವನು

"ಇದನ್ನ ಕೆತ್ತಿದ್ದು ನೀನೇ ತಾನೆ?"

ಗೋಡೆಯಿಂದ ಕಿತ್ತು ತಂದ ನೋಟೀಸನ್ನು ಬೆಳ್ಳಿ, ಉಳಿ ಹಿಡಿದು ಹಲಗೆ ಕೆತ್ತುತ್ತಿದ್ದ ಹಾಲನ ಮುಖದ ಮೇಲೆ ಎಸೆದಳು. ಊಟಿಯ ಆ ಪುಟ್ಟ ಅಚ್ಚುಕೂಟದಲ್ಲಿ ಮಷಿನ್ ತಿರುಗಿಸುತ್ತಿದ್ದವರೂ ಕೈ ನಿಲ್ಲಿಸಿ ನೋಡಿದರು.

ಹಾಲ ಕಾಗದ ಬಿಡಿಸಿ ನಕ್ಕ. "ಹೂಂ, ನಂದೇ. ಚೆನ್ನಾಗಿ ಬಂದಿದೆ ಅಲ್ವಾ?"

ನಗುತ್ತಾನಲ್ಲ! ಅಯ್ಯೋ, ಎಂಥ ಕಲ್ಲೆದೆಯವನನ್ನು ನಂಬಿಬಿಟ್ಟೆ...

ಅಚ್ಚುಕೂಟದ ಸೀಸದ ಮೊಳೆಗಳಲ್ಲಿ ಗೋಡೆ ನೋಟೀಸಿಗೆ ಬೇಕಾದಷ್ಟು ದೊಡ್ಡ ಅಕ್ಷರ ಇರಲಿಲ್ಲ. ಕುದುರೆ ರೇಸಿಗೆ, ನಾಟಕಕ್ಕೆ, ಆಲೂಗಡ್ಡೆ ಹರಾಜಿಗೆ ಹಾಲನೇ ಮರದ ಹಲಗೆಯ ಮೇಲೆ ಕೈಯಲ್ಲಿ ಬರೆದು ಕೆತ್ತಬೇಕಿತ್ತು. ದಪ್ಪ, ಒರಟು, ಒಂದರ ಹಾಗೆ ಇನ್ನೊಂದಿಲ್ಲದ ಅಕ್ಷರಗಳು. ರಸ್ತೆಯ ಆಚೆಯಿಂದಲೂ ಕಣ್ಣಿಗೆ ಹೊಡೆಯುತ್ತಿದ್ದವು. ಮಿಷನ್ ಶಾಲೆಯಲ್ಲಿ ಓದು ಕಲಿತಿದ್ದ ಬೆಳ್ಳಿ ಮೊದಲು ಮನಸೋತದ್ದು ಆ ಅಕ್ಷರಗಳಿಗೆ, ಆಮೇಲೆ ಅವನಿಗೆ.

ಅವನಿಗಾಗಿಯೇ, ಅಪ್ಪ ಮಲ್ಲ ಗೊತ್ತು ಮಾಡಿದ ಐವತ್ತರ ವರನನ್ನು ಒಲ್ಲೆ ಅಂದಳು. ಅಪ್ಪ ಹೊಡೆದು ಹೊರಗೆ ಹಾಕಿದ. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ತಮ್ಮೂರು ಮಂಜೂರಿನಿಂದ ಊಟಿವರೆಗೆ ಗೋಡೆಗೋಡೆಗೂ ಈ ನೋಟೀಸು ಅಂಟಿಸಿದ. ಎರಡು ದಿನದಿಂದ ಯಾರೂ ಅವಳನ್ನು ಬಾಗಿಲೊಳಗೆ ಸೇರಿಸಿಲ್ಲ. ಹಾಲನೂ ಕೈಬಿಟ್ಟರೆ ಅವಳಿಗೆ ದಿಕ್ಕಿಲ್ಲ.

"ನನ್ನ ಬಾಳಿಗೆ ಮಣ್ಣು ಹಾಕೋಕೆ ನಿನಗೆ ಹೇಗೆ ಮನಸ್ಸು ಬಂತು?"

ಹಾಲನ ನಗು ಇಳಿಯಿತು. "ಏನಂತೀಯ ಬೆಳ್ಳಿ?"

"ಗೊತ್ತಿಲ್ಲದವನ ಹಾಗೆ ಆಡಬೇಡ. ಓದು. ಎಲ್ಲರೆದುರು ಜೋರಾಗಿ ಓದು."

ಅವನು ತಲೆ ತಗ್ಗಿಸಿದ.

ಅಚ್ಚುಕೂಟದ ಯಜಮಾನ ಮಹಾಲಿಂಗಂ ಗೊಳ್ಳೆಂದು ನಕ್ಕ. "ಅವನೆಲ್ಲಿ ಓದ್ತಾನಮ್ಮಾ? ನಾನು ಚೀಟೀಲಿ ಬರೆದುಕೊಟ್ಟದ್ದನ್ನ ಚಿತ್ರದ ಹಾಗೆ ನೋಡಿ ಕೆತ್ತುತಾನೆ. ಒಂದಕ್ಷರ ಗೊತ್ತಿಲ್ಲ. ನಿನ್ನ ಹೆಸರು ಅಂತ ಗೊತ್ತಾಗಿದ್ರೆ ಕೆತ್ತುತಿದ್ನಾ? ಅದಕ್ಕೇ ನಾನು ಹೇಳಲಿಲ್ಲ."

ಮಷಿನ್ ಹತ್ತಿರ ನಿಂತವರೂ ನಕ್ಕರು. ಬೆಳ್ಳಿ ಹಾಲನ ಕಡೆ ತಿರುಗಿದಳು.

"ನಿಜವಾ?"

"ಹೂಂ. ಓದು ಬಾರದವನು ಅಂದ್ರೆ ನೀನು ಬಿಟ್ಟು ಹೋಗ್ತೀಯ ಅಂತ ಭಯ..." ಹಾಲ ಕಾಗದವನ್ನು ಅವಳ ಕೈಗೆ ಕೊಟ್ಟ. "ಏನು ಬರೆದಿದೆ ಇದರಲ್ಲಿ? ಹೇಳು."

ಬೆಳ್ಳಿ ಓದಿ ಹೇಳಿದಳು. "ಬೆಳ್ಳಿ ನಮ್ಮ ಪಾಲಿಗೆ ಸತ್ತಳು. ಅವಳಿಗೆ ಜಾಗ ಕೊಟ್ಟವರೂ ಸತ್ತ ಹಾಗೆ."

ಹಾಲ ಉಳಿ ಕೆಳಗಿಟ್ಟ.

"ಸರಿ. ಹಾಗಾದ್ರೆ ನಾನೂ ಸತ್ತೆ. ಬಾ, ಮನೆಗೆ ಹೋಗೋಣ."

"ಈಗ ಹೋದ್ರೆ ನಾಳೆ ಈ ಕಡೆ ತಲೆ ಹಾಕಬೇಡ," ಎಂದ ಮಹಾಲಿಂಗಂ. ಹಾಲ ತಿರುಗಿಯೂ ನೋಡಲಿಲ್ಲ.

ಹೊರಗೆ ಎದುರು ಗೋಡೆಯ ಮೇಲೂ ಅದೇ ನೋಟೀಸು. ಹಾಲ ಅದರ ಮುಂದೆ ನಿಂತುಬಿಟ್ಟ.

"ಇದರಲ್ಲಿ ನಿನ್ನ ಹೆಸರು ಯಾವುದು?"

ಬೆಳ್ಳಿ ಅವನ ಬೆರಳು ಹಿಡಿದು ಮೊದಲ ಪದದ ಮೇಲೆ ಇಟ್ಟಳು. ಅವನ ಕಣ್ಣು ತುಂಬಿ ಬಂತು.

"ಎಲ್ಲಕ್ಕಿಂತ ಇದನ್ನೇ ಇಷ್ಟಪಟ್ಟು ಕೆತ್ತಿದ್ದೆ ಕಣೇ..."

"ಗೊತ್ತಾಗ್ತದೆ," ಎಂದಳು ಬೆಳ್ಳಿ, ಸೆರಗಿನಿಂದ ಅವನ ಮುಖ ಒರೆಸುತ್ತಾ. "ಊರಿಗೆಲ್ಲ ಕಾಣೋ ಹಾಗಿದೆ. ನಡೆ, ನನಗೆ ಹಸಿವು."