ಕಿಟಕಿ ತೆಗೀರಿ ಅಂದದ್ದಕ್ಕೆ

ಪೇಟೆಯಿಂದ ದಾರದುಂಡೆ ತಂದ ಟೈಲರಮ್ಮ ತನ್ನ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು. ಕಿಟಕಿ ಇರಬೇಕಾದ ಕಡೆ ಗೋಡೆಯಲ್ಲಿ ದೊಡ್ಡ ತೂತು. ಅದರಾಚೆಯಿಂದ ಒಂದು ಆಡು ಒಳಗೆ ಇಣುಕುತ್ತಿತ್ತು.

ಹೊಸದಾಗಿ ಕೆಲಸಕ್ಕೆ ಕರೆಸಿದ್ದ ಬಡಗಿ ಕಿಟಕಿಯ ಚೌಕಟ್ಟನ್ನು ಪಕ್ಕಕ್ಕೆ ಒರಗಿಸಿ, ಶಹಭಾಸ್‌ಗಿರಿಗೆ ಕಾದವನಂತೆ ನಿಂತಿದ್ದ.

"ಏನ್ರೀ ಮಾಡಿದ್ರಿ ಇದು?"

"ನೀವೇ ಹೇಳಿದ್ರಲ್ಲ, ಕಿಟಕಿ ತೆಗೀರಿ ಅಂತ."

"ತೆಗೀರಿ ಅಂದ್ರೆ ತೆರೀರಿ ಅಂತ! ಬಿಗಿದುಕೊಂಡಿತ್ತು, ಗಾಳಿ ಬರ್ತಿರಲಿಲ್ಲ."

"ಈಗ ಬರ್ತಿದೆ," ಎಂದ ಅವನು, ನಗದೆ.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅವಳ ಅಜ್ಜಿಗೆ ಮಾತ್ರ ನಗು ತಡೆಯಲಾಗಲಿಲ್ಲ.

ಕಿಟಕಿಯನ್ನು ಮತ್ತೆ ಕೂರಿಸಲು ಅವನು ಬಂದ. ಆಮೇಲೆ ಬಾಗಿಲು ಕಿರುಗುಟ್ಟುತ್ತದೆಂದು ಬಂದ. ಆಮೇಲೆ ಕಿರುಗುಟ್ಟದಿದ್ದರೂ ಬಂದ.

ಅವನ ಸುತ್ತಿಗೆಯ ಸದ್ದು ಎಲ್ಲೋ ದೂರದಲ್ಲಿ ಕೇಳಿದರೂ ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು. 'ನನಗೇನಾಗಿದೆ...' ಎಂದುಕೊಂಡು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಒಂದು ಸಂಜೆ ಅವನು ಉಳಿಯ ಹಿಡಿಯನ್ನು ಸುಮ್ಮನೆ ಉಜ್ಜುತ್ತಾ ಹೇಳಿದ.

"ನನ್ನ ಹೊಸ ಮನೇಲಿ ಕಿಟಕಿ ಪಕ್ಕ ಹೊಲಿಗೆ ಮಿಷನ್‌ಗೆ ಅಂತ ಜಾಗ ಬಿಟ್ಟಿದೀನಿ."

ಎಂಥ ಮಿಷನ್ ಒಳ್ಳೆಯದು, ಹಳೆಯದಾದರೆ ಪೇಟೆಯಲ್ಲಿ ಎಲ್ಲಿ ಕೇಳಬೇಕು ಎಂದೆಲ್ಲ ಅವಳು ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿ ಎದ್ದುಹೋದ. ಮತ್ತೆ ಬರಲಿಲ್ಲ.

ಅವನು ದೂರದ ಊರಿನಲ್ಲಿ ಕೆಲಸ ಒಪ್ಪಿಕೊಂಡನಂತೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನ ಅವಳು ಊಟದ ತಟ್ಟೆ ಸರಿಸಿ, ಆ ಸಂಜೆಯ ಮಾತನ್ನೆಲ್ಲ ಅಜ್ಜಿಗೆ ಹೇಳಿದಳು. ಅಜ್ಜಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಮಂಕೇ, ಅವನು ಕೇಳಿದ್ದು ನಿನ್ನ. ನೀನು ಅವನನ್ನ ಪೇಟೆಗೆ ಕಳಿಸಿದೆ."

"ನೆಟ್ಟಗೆ ಹೇಳಬಾರದಿತ್ತಾ ಅಜ್ಜಿ?"

"ನೀನು ಹೇಳಿದೀಯಾ?"

ಗಿರಾಕಿ 'ಸ್ವಲ್ಪ ಸಡಿಲ ಇರಲಿ' ಎಂದರೆ, ಎಷ್ಟು ಸಡಿಲ ಎಂದು ಟೇಪು ಹಿಡಿದು ತೋರಿಸಿ, ಅವರ ಬಾಯಲ್ಲೇ ಇನ್ನೊಮ್ಮೆ ಹೇಳಿಸಿ, ಆಮೇಲೆಯೇ ಅವಳು ಕತ್ತರಿ ಹಿಡಿಯುವುದು. ಬಟ್ಟೆಗೆ ಅಷ್ಟು ಜೋಪಾನ. ತನ್ನ ಮನಸ್ಸನ್ನು ಮಾತ್ರ ಅವನೇ ಊಹಿಸಿಕೊಳ್ಳಲಿ ಎಂದು ಬಿಟ್ಟಿದ್ದಳಲ್ಲ...

ಅವಳು ಅವನ ಮನೆಗೆ ಹೋದಾಗ ಅವನು ಹತಾರಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಮೇಸ್ತ್ರಿ, ಅವತ್ತಿನ ಕಿಟಕಿ ತಪ್ಪು ನನ್ನದೇ. ನಿಮಗೆ ತಿಳಿಯೋ ಹಾಗೆ ಹೇಳೋದು ನನ್ನ ಕೆಲಸ ಆಗಿತ್ತು. ಅದಕ್ಕೇ ಈಗ ನೆಟ್ಟಗೆ ಹೇಳ್ತೀನಿ. ನೀವು ಅಂದ್ರೆ ನನಗೆ ಇಷ್ಟ. ಮದುವೆ ಅಂತ ಆದ್ರೆ ನಿಮ್ಮನ್ನೇ. ಈಗ ನಿಮಗೇನು ಅರ್ಥ ಆಯ್ತು, ಹೇಳಿ."

ಅವನ ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು.

"ಬೇರೆ ಮಿಷನ್ ಕೊಳ್ಳೋದು ಬೇಡ, ನಿಮ್ಮದೇ ಬರುತ್ತೆ ಅಂತ."

"ಮೇಸ್ತ್ರಿ..."

"ನೀವು ನನ್ನ ಮದುವೆ ಆಗ್ತೀರಿ ಅಂತ." ಅವನು ಉಳಿಯನ್ನು ಕೆಳಗಿಟ್ಟ. "ನಾನೂ ಅವತ್ತು ಸುತ್ತಿ ಬಳಸಿ ಕೇಳಿಬಿಟ್ಟೆ. ಈಗ ಸರಿಯಾಗಿ ಕೇಳ್ತೀನಿ. ಆಗ್ತೀರಾ?"

"ಆಗ್ತೀನಿ."

ಅವನು ಪೆಟ್ಟಿಗೆಯಿಂದ ಹತಾರಗಳನ್ನು ಒಂದೊಂದಾಗಿ ಹೊರಗಿಡತೊಡಗಿದ. ದೂರದ ಕೆಲಸ ಬೇರೆಯವರ ಪಾಲಾಯಿತು.

ಮದುವೆಯಾಗಿ ಹೊಸ ಮನೆಗೆ ಬಂದ ಮೇಲೆ, ಒಂದು ಬೆಳಗ್ಗೆ ಮಿಷನ್ ಮುಂದೆ ಕೂತಿದ್ದ ಅವಳು ಸೆಕೆ ತಾಳದೆ, ಕಿಟಕಿ ತೆಗೀರಿ ಎಂದು ಕೂಗಿದಳು. ಅವನು ಸುತ್ತಿಗೆ ಹಿಡಿದೇ ಬಂದ.

"ತೆಗೀಲಾ, ತೆರೀಲಾ?"

"ತೆರೀರಿ ಮಹಾರಾಯರೇ."

ಅವನು ತೆರೆದ. "ಗಾಳಿ ಸಾಕಾ?"

"ನೀವೂ ಬಂದು ಕೂತ್ರೆ ಸಾಕು."

"ಎಲ್ಲಿ ಕೂರಲಿ? ಸರಿಯಾಗಿ ಹೇಳು..."

ಅವಳು ಬೆಂಚಿನ ಮೇಲಿದ್ದ ಬಟ್ಟೆಗಳನ್ನು ಸರಿಸಿ, ಅಂಗೈಯಿಂದ ತಟ್ಟಿ ತೋರಿಸಿದಳು.

"ಇಲ್ಲಿ."