ಬಾಯಿಗೂಡಿದ ಕುರಿಯ ಕಣ್ಣು

"ಈರೇಶ, ನಿಜ ಹೇಳ್ರೀ. ಈ ಕಣ್ಣು ಬಾಯಿಗೂಡಿದ ಕುರೀವಾ?"

ಮೋನಿಷಾ ಐಸ್ ಡಬ್ಬಿಯನ್ನು ಕೊರಡಿನ ಮೇಲೆ ಕುಕ್ಕಿದಳು. ಯಾದಗಿರಿಯಿಂದ ಬಂದು ಶಿವಾಜಿನಗರದ ಮಟನ್ ಅಂಗಡಿಯಲ್ಲಿ ಕಟುಕನಾಗಿದ್ದ ಈರೇಶ ಕತ್ತಿ ಕೆಳಗಿಟ್ಟ.

ಎಂಟು ತಿಂಗಳಿಂದ ಅವನು ಕುರಿಯ ಹಲ್ಲು ನೋಡಿ, ಚೀಟಿಯಲ್ಲಿ ವಯಸ್ಸು ಬರೆದು, ಅವಳಿಗೆ ಅದರ ಕಣ್ಣು ಕೊಡುತ್ತಿದ್ದ. ಎರಡು ಹಲ್ಲು, ನಾಲ್ಕು ಹಲ್ಲು. ಹಾಲುಹಲ್ಲು ಹೋಗಿ ಎಂಟೂ ಮುಂಬಲ್ಲು ಬಂದರೆ ಬಾಯಿಗೂಡಿತು, ವಯಸ್ಸಾಯಿತು. ವಯಸ್ಸಾದಂತೆ ಕಣ್ಣಿನ ಲೆನ್ಸ್ ಎಷ್ಟು ಬೆಳೆಯುತ್ತದೆ, ಸಕ್ಕರೆ ಅರಗಿಸುವುದು ಎಷ್ಟು ನಿಧಾನವಾಗುತ್ತದೆ ಎಂದು ಅವಳು ಹಲಸೂರಿನ ಲ್ಯಾಬಿನಲ್ಲಿ ಅಳೆಯುತ್ತಿದ್ದಳು.

"ಚೀಟ್ಯಾಗ ಬರ್ದೀನಲ್ರೀ."

"ಚೀಟಿ ಸುಳ್ಳು ಹೇಳತ್ತೆ, ಲೆನ್ಸ್ ಹೇಳಲ್ಲ! ಸಾಯೋವರ್ಗೂ ಪದರದ ಮೇಲೆ ಪದರ ಬೆಳೀತಾನೇ ಇರತ್ತೆ, ಹಳೇದನ್ನ ಬಿಸಾಕಲ್ಲ. ಈ ನಾಲ್ಕೂ ಲೆನ್ಸು ಮರೀದಷ್ಟೇ ತೂಕ. ಶನಿವಾರ ರಿಸಲ್ಟ್ ಕೊಡ್ಬೇಕು. ಐದು ವರ್ಷದ ಕೆಲಸ, ನೀರಲ್ಲಿ ಹೋಮ ಮಾಡ್ದಂಗಾಯ್ತು."

ಅವಳ ಕಣ್ಣು ತುಂಬಿತು. ಭೂಮಿ ಬಾಯಿಬಿಡಬಾರದೇ ಎನಿಸಿತು ಈರೇಶನಿಗೆ.

"ಇನ್ನು ನಾಲ್ಕು ಕಣ್ಣು ಸಿಕ್ರೆ ಮುಗೀತು, ಆಮೇಲೆ ಬರಲ್ಲ ಅಂದ್ರಲ್ಲ ನೀವು," ಎಂದ. "ನಿಜವಾದ್ವು ಬಂದಿದ್ವು. ಮುಚ್ಚಿಟ್ಟು ಮಾರಿಬಿಟ್ಟೆ, ಮರೀ ಕಣ್ಣು ಕೊಟ್ರ ಮತ್ತ ಕೇಳ್ಕೋತ ಬರ್ತೀರಿ ಅಂತ. ನೀವು ಬರ್ಲಿಲ್ಲಂದ್ರ ನಾ ಹೆಂಗ ಇರ್ಲಿ?"

ಮೋನಿಷಾ ಕಣ್ಣೊರೆಸಿಕೊಂಡಳು. ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಅಯ್ಯೋ, ಪ್ರೀತಿ ಮಾಡುವ ರೀತಿಯೇ ಇದು? ಮರುದಿನವೆಲ್ಲ ಅವನು ಅಂಗಡಿ ಅಂಗಡಿ ಸುತ್ತಿದ. ಎಳೆ ಮಾಂಸಕ್ಕೆ ಮುಗಿಬೀಳುವ ಊರಲ್ಲಿ ಮುದಿ ಕುರಿ ಎಲ್ಲಿ ಸಿಗಬೇಕು? ಕಂಡಕಂಡ ಕುರಿಯ ಬಾಯಿಗೆ ಕೈಹಾಕುವವನನ್ನು ನೋಡಿ, ಕೆ.ಆರ್. ಪುರದ ಕಟುಕ ಮುಕ್ತಾರ್, "ಮಗಾ, ಹುಚ್ಚು ಹಿಡೀತಾ?" ಎಂದ. ಹಿಡಿದಿತ್ತು. ಆದರೆ ಬಾಯಿಗೂಡಿದ ಕುರಿ ಎರಡು ಅಲ್ಲೇ ಸಿಕ್ಕವು.

ಸಂಜೆ ಲ್ಯಾಬಿನ ಗೇಟಿನಲ್ಲಿ, ನಾಲ್ಕು ಕಣ್ಣಿದ್ದ ಅದೇ ಡಬ್ಬಿಯನ್ನು ಅವಳತ್ತ ಚಾಚಿದ.

"ಹಲ್ಲು ನೋಡಿದ್ರಾ?" ಅವಳ ದನಿ ಗಡುಸಾಗಿಯೇ ಇತ್ತು.

"ಮೂರ್ಸಲ ನೋಡ್ದೆ. ನಂಬಿಕಿ ಇಲ್ಲಂದ್ರ..." ಕವರಿನಿಂದ ಎರಡು ದವಡೆಗಳನ್ನೇ ತೆಗೆದು ಮುಂದೆ ಹಿಡಿದ.

ಅವಳು ಕೂತು, ಎಂಟೆಂಟು ಹಲ್ಲನ್ನೂ ಎಣಿಸಿದಳು. ತುಟಿ ಕಚ್ಚಿದರೂ ನಗು ತಡೆಯಲಿಲ್ಲ, ಅಳುವೂ ತಡೆಯಲಿಲ್ಲ.

"ನಿಮ್ ಕೆಲ್ಸ ಮುಗೀತಲ್ರೀ. ನಾ ಹೋಗ್ತೀನಿ," ಎಂದು ಈರೇಶ ತಿರುಗಿದ.

"ಕೋಪ ಇನ್ನೂ ಹೋಗಿಲ್ಲ ನಂಗೆ. ನಾಳೆ ಬನ್ನಿ."

"ಇನ್ನೂ ಎಷ್ಟು ಕಣ್ಣು ಬೇಕ್ರೀ?"

"ಕಣ್ಣು ಬೇಡ," ಎಂದಳು ಮೋನಿಷಾ. "ಕೈ ತೊಳ್ಕೊಂಡು, ನೀವೇ ಬನ್ನಿ."