ಇಸ್ತ್ರಿ ಮೇಜಿನ ನಿಯಮ

"ಇನ್ನೊಂದು ಹೆಜ್ಜೆ ಇಟ್ರೆ ಮುಖ ಸುಟ್ಟುಬಿಡ್ತೀನಿ!"

ಅವಳ ಕೂಗಿಗೆ ಅವನು ನಕ್ಕ.

ಅವಳ ಅಪ್ಪನ ಇಸ್ತ್ರಿ ಅಂಗಡಿ ಖಾಲಿ ಮಾಡಿಸಲು ಕಟ್ಟಡದ ಮಾಲೀಕ ನಾಲ್ವರನ್ನು ಕಳಿಸಿದ್ದ. ಅವರ ಮುಂದಾಳು ಗೂಳಿ. ಹೆಸರಿಗೆ ತಕ್ಕ ಕತ್ತು, ಹೆಸರಿಗೆ ತಕ್ಕ ಸಿಟ್ಟು. ಅವನ ಒಂದೇ ಗುದ್ದಿಗೆ ಅವಳ ಅಪ್ಪನ ಎರಡು ಹಲ್ಲು ಉದುರಿ, ಆಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟ ಬಿಳಿ ಅಂಗಿಗಳ ಮೇಲೆ ರಕ್ತ ಚಿಮ್ಮಿತ್ತು.

ಬೀದಿಯವರು ಅವಳನ್ನು ಕಿಡಿ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ. ಗೂಳಿ ಹೆಜ್ಜೆ ಇಟ್ಟ. ಕಾದ ಇಸ್ತ್ರಿಪೆಟ್ಟಿಗೆ ಅವನ ಎಡಗೆನ್ನೆಗೆ ಒತ್ತಿತು...

ಅಂಥ ಚೀತ್ಕಾರವನ್ನು ಆ ಬೀದಿ ಕೇಳಿರಲಿಲ್ಲ. ಚರ್ಮ ಸುಟ್ಟ ವಾಸನೆಗೆ ಅವನ ಜೊತೆಗಾರರೇ ಕಾಲಿಗೆ ಬುದ್ಧಿ ಹೇಳಿದರು. ನೆಲಕ್ಕೆ ಬಿದ್ದ ಗೂಳಿ ಒಂದು ಸಲ ಅವಳ ಕಣ್ಣನ್ನೇ ನೋಡಿದ. ಆ ನೋಟದ ತುಂಬ ಬರೀ ಗಾಬರಿ.

"ನೀರು ತಾ ಮಗಳೇ," ಎಂದರು ಅಪ್ಪ, ರಕ್ತ ಉಗುಳುತ್ತ.

"ಇವನಿಗಾ? ನಿನಗೆ ತಲೆ ಕೆಟ್ಟಿದೆಯಾ ಅಪ್ಪಾ?"

"ಮೊದಲು ನೀರು. ಬೈಯೋದು ಆಮೇಲೆ."

ಗೂಳಿಯನ್ನು ನೋಡಲು ಆಸ್ಪತ್ರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಎಂಟನೇ ದಿನ ಹೋದದ್ದು ಅಪ್ಪ ಒಬ್ಬರೇ, ಕಂಕುಳಲ್ಲಿ ಬೈಬಲ್ ಇಟ್ಟುಕೊಂಡು.

"ಒಂದು ವರ್ಷ, ದಿನಾ ಬೆಳಿಗ್ಗೆ ಅರ್ಧ ಗಂಟೆ ನನ್ನ ಜೊತೆ ಕೂರ್ತೀಯಾ? ಸುವಾರ್ತೆ ಓದೋಣ. ಯೇಸುವಿನ ಶಿಷ್ಯ ಆಗೋದು ಹೇಗೆ ಅಂತ ನಾನೂ ಇನ್ನೂ ಕಲೀತಾನೇ ಇದ್ದೀನಿ."

"ನಿಮ್ಮ ಹಲ್ಲು ಉದುರಿಸಿದವನು ನಾನು, ಯಜಮಾನ್ರೇ."

"ಅದಕ್ಕೇ ಬಂದೆ. ನೀನು ಹೊಡೆದದ್ದು ನನಗೆ. ನಿನಗೆ ಕಲಿಸೋ ಹೊಣೆ ಇನ್ಯಾರದು?"

ಹೀಗೆ ಶುರುವಾಯಿತು ಅದು. ಸಭೆಯಿಲ್ಲ, ಫಲಕವಿಲ್ಲ. ಇಸ್ತ್ರಿ ಮೇಜು, ಎರಡು ಸ್ಟೂಲು, ಒಂದು ಪುಸ್ತಕ. ಹಾವಿಗೆ ಹಾಲೆರೆಯುತ್ತಿದ್ದಾನೆ ಮುದುಕ ಎಂದು ಬೀದಿ ನಕ್ಕಿತು. ಕಿಡಿಯಂತೂ ಆರು ತಿಂಗಳು ಅವನ ಕಡೆ ತಿರುಗಿ ನೋಡಲಿಲ್ಲ.

ಗುಂಪು ಬಿಟ್ಟ ತಪ್ಪಿಗೆ ಸರಪಳಿ ಎಂಬ ಹಳೆಯ ಗೆಳೆಯ ಸೈಕಲ್ ಚೈನಿನಿಂದ ಬಾರಿಸಿ ಗೂಳಿಯ ಮೂರು ಪಕ್ಕೆಲುಬು ಮುರಿದ. ಗಾಯ ಮಾಯ್ದ ಮೇಲೆ ಗೂಳಿ ನೆಟ್ಟಗೆ ಅವನ ಮನೆಗೇ ಹೋದ. "ನೀನು ನನಗೆ ಹೊಡೆದೆ. ಇನ್ನು ನಿನ್ನ ಹೊಣೆ ನನ್ನದು, ಬಾ." ಮೊದಲ ಸಲ ಬಾಗಿಲು ಮುಖಕ್ಕೆ ಬಿತ್ತು. ಐದನೇ ಸಲ ಸರಪಳಿ ಬಂದು ಸ್ಟೂಲಿನ ಮೇಲೆ ಕೂತ. ವರ್ಷ ಕಳೆದು ಅವನು ಹೋದದ್ದು, ಜೈಲಿನಲ್ಲಿ ತನ್ನ ಬೆನ್ನು ಸುಲಿದಿದ್ದ ವಾರ್ಡರ್ ಹತ್ತಿರ!

ಹೊಡೆಸಿಕೊಂಡವನೇ ಹೊಡೆದವನಿಗೆ ಕಲಿಸಬೇಕು; ವರ್ಷ ತುಂಬಿದ ಮೇಲೆ ಕಲಿತವನನ್ನು ಇನ್ನೊಬ್ಬನಿಗೆ ಕಲಿಸಲು ಕಳಿಸಿಕೊಡಬೇಕು. ಅದೇ ಮೇಜಿನ ನಿಯಮವಾಯಿತು. ಹೆಂಡತಿಗೆ ಹೊಡೆದವರು ಬಂದಾಗ ಮಾತ್ರ ಕಿಡಿ ಅಡ್ಡ ನಿಂತಳು. "ಆ ಹೆಣ್ಣುಮಗಳು ಅನುಭವಿಸಿದ್ದೇ ಸಾಕು, ಕಲಿಸೋ ಹೊಣೆ ಬೇಡ. ಇವನನ್ನ ಅಪ್ಪ ನೋಡಿಕೊಳ್ಳಲಿ!"

ಮೂರು ವರ್ಷದಲ್ಲಿ ಒಂದು ಮೇಜು ಮೂರಾಯಿತು. ನಲವತ್ತು ಜನ.

ಅಷ್ಟರಲ್ಲಿ ಕಿಡಿಗೆ ಏನೋ ಆಗಿಹೋಗಿತ್ತು. ಗೂಳಿ ತಪ್ಪು ತಪ್ಪಾಗಿ ಓದುವುದು, ಅಪ್ಪನ ಚಪ್ಪಲಿ ಹೊಲಿಸಿ ತರುವುದು, ಅವಳನ್ನು ತಪ್ಪದೆ "ನೀವು" ಎನ್ನುವುದು... ಅವನು ಒಂದು ದಿನ ಬರದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಹೌದು, ಪ್ರೀತಿಯೇ!

ಆದರೆ ಒಂದು ಮುಳ್ಳು. ತನಗೆ ಪೆಟ್ಟು ಕೊಟ್ಟ ಎಲ್ಲರನ್ನೂ ಹುಡುಕಿ ಹೋದವನು, ಕೆನ್ನೆ ಸುಟ್ಟವಳನ್ನು ಮಾತ್ರ ಕರೆಯಲೇ ಇಲ್ಲ.

'ನನ್ನ ಕ್ಷಮಿಸಿಲ್ಲ. ನಿಯಮ ಊರಿಗೆಲ್ಲ, ನನಗೆ ಮಾತ್ರ ಇಲ್ಲ!'

ನಾಲ್ಕನೇ ಮೇಜು ಹಾಕಲು ಗೂಳಿ ದೂರದ ಊರಿಗೆ ಹೊರಡಬೇಕಿತ್ತು. ಹಿಂದಿನ ದಿನ ಬೆಳಿಗ್ಗೆ ಮಾಲೀಕನ ಹೊಸ ಆಳುಗಳು ಕಬ್ಬಿಣದ ರಾಡು ಹಿಡಿದು ನುಗ್ಗಿದರು. ಗಾಜು ಪುಡಿಯಾಯಿತು. ಅಪ್ಪನ ತಲೆಗೆ ಬೀಸಿದ ಏಟಿಗೆ ಗೂಳಿ ಬೆನ್ನು ಕೊಟ್ಟ. ಇನ್ನೊಂದು ಏಟು, ಮತ್ತೊಂದು...

ಕಿಡಿ ಇಸ್ತ್ರಿಪೆಟ್ಟಿಗೆ ಎತ್ತಿದಳು!

"ಬೇಡ!" ಗೂಳಿ ಹಾರಿ ಅವಳ ಮಣಿಕಟ್ಟು ಹಿಡಿದ. ಅವನ ಆ ಕೈಮೇಲೆ ರಾಡು ಬಿತ್ತು. ಮೂಳೆ ಮುರಿದ ಸದ್ದು ಅವಳಿಗೂ ಕೇಳಿಸಿತು.

ಬೀದಿಯವರು ಓಡಿಬಂದು ರಾಡಿನವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಕಿಡಿ ಮಾತ್ರ ಗೂಳಿಯ ಮೇಲೆ ಹರಿಹಾಯ್ದಳು.

"ಹೊಡೆಯೋಕೆ ಬಂದವನನ್ನ ಬಿಟ್ಟು ನನ್ನನ್ನ ತಡೆದೆಯಲ್ಲ! ನಾನು ಇವತ್ತಿಗೂ ನಿನಗೆ ಆ ರಾಕ್ಷಸಿನೇ ಅಲ್ವಾ? ಹೋಗು! ಇವತ್ತೇ ಹೊರಟುಹೋಗು!"

ಗೂಳಿ ಮುರಿದ ಕೈಯನ್ನು ಎದೆಗವಚಿಕೊಂಡು ಆಸ್ಪತ್ರೆಯ ಕಡೆ ನಡೆದ.

ಮರುದಿನ ಕೈಗೆ ಪ್ಲಾಸ್ಟರ್, ಹೆಗಲಿಗೆ ಚೀಲ. ಅಪ್ಪನ ಕಾಲು ಮುಟ್ಟಿ ಅವನು ಹೊಸ್ತಿಲು ದಾಟಿದ. ಕಿಡಿ ಗಾಜಿನ ಚೂರು ಗುಡಿಸುತ್ತಿದ್ದಳು. ಪೊರಕೆ ಎಸೆದು ಓಡಿದಳು.

"ನಿಲ್ಲು! ಒಂದು ಕೇಳ್ತೀನಿ, ನಿಜ ಹೇಳು. ನಿನ್ನ ಸುಟ್ಟವಳು ನಾನು. ಮೂರು ವರ್ಷ ಕಾದೆ... ಯಾಕೆ ನನ್ನ ಕರೀಲಿಲ್ಲ?"

"ಕರೆದಿದ್ರೆ ವರ್ಷ ಆದ್ಮೇಲೆ ಕಳಿಸಿಕೊಡಬೇಕಿತ್ತು. ಅದೂ ನಿಯಮಾನೇ." ಅವನು ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡ. "ಎಲ್ಲರನ್ನೂ ಕಳಿಸಿದೆ. ನಿನ್ನ ಕಳಿಸೋಕೆ ನನ್ನ ಕೈಲಿ ಆಗಲ್ಲ."

ಮೂರು ವರ್ಷದಲ್ಲಿ ಮೊದಲ ಸಲ "ನೀನು" ಎಂದಿದ್ದ!

"ಮತ್ತೆ ನಿನ್ನೆ?"

"ನನ್ನ ಸುಟ್ಟಮೇಲೆ ನೀನು ಎಷ್ಟು ರಾತ್ರಿ ನಿದ್ದೆಯಿಂದ ಚೀರಿ ಎದ್ದೆ ಅಂತ ಅಪ್ಪ ಹೇಳಿದ್ರು. ಅಂಥ ಇನ್ನೊಂದು ಹೊರೆ ನಿನಗೆ ಬೇಡ ಅನ್ನಿಸ್ತು... ಅಷ್ಟೇ."

ಕಿಡಿಗೆ ದುಃಖ ಉಕ್ಕಿ ಬಂತು. ಆಡಬೇಕಾದ ಮಾತನ್ನು ತಾನೂ ಒಮ್ಮೆಯೂ ಆಡಿರಲಿಲ್ಲ ಎಂಬುದು ಆಗ ಹೊಳೆಯಿತು.

"ತಪ್ಪಾಯ್ತು ಕಣೋ," ಎಂದಳು ಬಿಕ್ಕುತ್ತ. "ಅವತ್ತೇ ಹೇಳಬೇಕಿತ್ತು. ಮೂಗಿನ ತುದಿಯ ಕೋಪ, ನಾಲಿಗೆ ಹೊರಳಲಿಲ್ಲ. ಕ್ಷಮಿಸಿಬಿಡು..."

"ಯಾವತ್ತೋ ಕ್ಷಮಿಸಿದ್ದೆ. ಹೇಳೋಕೆ ನನಗೆ ನಿನ್ನ ಕಂಡ್ರೆ ಭಯ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅಷ್ಟರಲ್ಲಿ ಅವನ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಗೂಳಿ ಆ ಕಡೆ ನೋಡಿದ.

"ಅಲ್ಲಯ್ಯಾ," ಎಂದಳು ಕಿಡಿ, ಕಣ್ಣೊರೆಸಿಕೊಂಡು. "ನಿನ್ನ ಕೈ ಮುರಿದವನು ಠಾಣೆಯಲ್ಲಿ ಕೂತಿದ್ದಾನೆ. ಅವನ ಹೊಣೆ ಯಾರದು?"

ಗೂಳಿ ಬಸ್ಸಿಗೆ ಹೋಗೆಂದು ಕೈಯಾಡಿಸಿದ. ಆಮೇಲೆ ಹೆಗಲ ಚೀಲ ಕೆಳಗಿಳಿಸಿದ.

"ನನ್ನದೇ. ಇನ್ನೊಂದು ವರ್ಷ ಇಲ್ಲೇ ಇರಬೇಕಾಯ್ತಲ್ಲ..."

"ವರ್ಷ ಆದ್ಮೇಲೆ?"

"ನಾಲ್ಕನೇ ಮೇಜಿಗೆ ಹೋಗ್ತೀನಿ."

"ಹೋಗ್ತೀನಿ ಅಲ್ಲ," ಅವಳು ಅವನ ಚೀಲ ತನ್ನ ಹೆಗಲಿಗೆ ಹಾಕಿಕೊಂಡಳು. "ಹೋಗ್ತೀವಿ ಅನ್ನು."

"ಹೋಗ್ತೀವಿ," ಎಂದ ಗೂಳಿ.